ಮೋಟಾರು ಪಂದ್ಯದ ಫಲಾನುಮಾನ

ಮೋಟಾರು ಪಂದ್ಯದ ಫಲಾನುಮಾನವೆಂಬುದು, ಪಂದ್ಯದ ಹಿಂದಿನ ದಿನ ನಡೆಯುವ ಅರ್ಹತಾ ಸುತ್ತಿನಲ್ಲಿ ಒಂದೊಂದು ಕಾರೂ ತೋರಿದ ವೇಗವನ್ನೂ, ಆ ವೇಗದ ಮೇರೆಗೆ ಏರ್ಪಟ್ಟ ಆರಂಭದ ಸಾಲನ್ನೂ ಎದುರಿಗಿಟ್ಟುಕೊಂಡು, ಮರುದಿನ ಚೌಕಳಿಯ ಬಾವುಟ ಬೀಸುವ ಹೊತ್ತಿಗೆ ಯಾವ ಚಾಲಕನು ಯಾವ ಸ್ಥಾನದಲ್ಲಿರುವನೆಂಬುದನ್ನು ಮುಂಚಿತವಾಗಿ ತರ್ಕಿಸಿ ಹೇಳುವ ವಿದ್ಯೆ. ಈ ವಿದ್ಯೆಗೆ ಒದಗಿರುವ ಅನುಕೂಲ ಬೇರೆ ಆಟಗಳಲ್ಲಿ ಅಪೂರ್ವ. ಕ್ರಿಕೆಟ್ಟಿನಲ್ಲಿ ಟಾಸು ಗೆದ್ದ ತಂಡ ಪಂದ್ಯಕ್ಕೆ ಮುನ್ನ ಒಂದು ಓಟವನ್ನೂ ಗಳಿಸಿರುವುದಿಲ್ಲ. ಅಖಾಡಕ್ಕಿಳಿಯುವ ಜಟ್ಟಿಗಳು ಕೈ ಕೂಡುವವರೆಗೆ ಒಬ್ಬರ ಪಟ್ಟನ್ನೊಬ್ಬರು ಅರಿಯರು. ಮೋಟಾರು ಪಂದ್ಯದಲ್ಲಾದರೋ ಅದೇ ಚಾಲಕರು ಅದೇ ಕಾರುಗಳಲ್ಲಿ ಕುಳಿತು, ಅದೇ ಪಥದ ಮೇಲೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಅಳೆಯಿಸಿಕೊಂಡು, ತಮ್ಮ ಸಾಮರ್ಥ್ಯದ ಲೆಕ್ಕವನ್ನು ಹಿಂದಿನ ಸಂಜೆಯೇ ಒಪ್ಪಿಸಿರುತ್ತಾರೆ. ಇಷ್ಟೆಲ್ಲ ಇದ್ದರೂ ಅನುಮಾನ ಪದೇ ಪದೇ ಹುಸಿಯಾಗುವುದುಂಟು. ಅರ್ಹತಾ ಸುತ್ತು ಅಳೆಯುವುದು ತೆರವಾದ ಪಥದಲ್ಲಿ ಒಂಟಿಯಾಗಿ ಓಡುವ ಕಾರಿನ ವೇಗವನ್ನು. ಪಂದ್ಯ ಕೇಳುವುದು ಇತರ ಕಾರುಗಳ ನಡುವೆ, ಸವೆಯುವ ಟೈರುಗಳ ಮೇಲೆ, ಒಂದೂವರೆ ಗಂಟೆಯ ಕಾಲ ಉಳಿಸಿಕೊಳ್ಳಬಹುದಾದ ವೇಗವನ್ನು. ಇವೆರಡರ ಅಂತರವನ್ನು ಅರಿಯುವುದೇ ಫಲಾನುಮಾನದ ಸಾರ. ಪ್ರಸ್ತುತ ಲೇಖನದಲ್ಲಿ ಫಾರ್ಮುಲಾ ಒನ್ ಪಂದ್ಯಗಳನ್ನೇ ಮುಖ್ಯವಾಗಿ ಉದಾಹರಿಸಲಾಗಿದೆ. ಏಕೆಂದರೆ 1950ರಿಂದ ಈಚೆಗೆ ಅವುಗಳ ಪ್ರತಿಯೊಂದು ಆರಂಭದ ಸಾಲೂ ಪ್ರತಿಯೊಂದು ಫಲವೂ ದಾಖಲೆಯಾಗಿ ಉಳಿದು ಬಂದಿವೆ.

ಆರಂಭದ ಸ್ಥಾನವನ್ನು ವೇಗದಿಂದ ನಿರ್ಣಯಿಸುವ ಪದ್ಧತಿ ಮೋಟಾರು ಪಂದ್ಯದೊಡನೆ ಹುಟ್ಟಿದುದಲ್ಲ. 1906ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಹೊರವಲಯದ ರಸ್ತೆಗಳಲ್ಲಿ ಪ್ರಥಮ ಗ್ರ್ಯಾನ್ ಪ್ರಿ ನಡೆದಾಗ, 32 ಕಾರುಗಳು ತೊಂಬತ್ತು ತೊಂಬತ್ತು ಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೊಂದು ಹೊರಟು ಎರಡು ದಿನಗಳ ಕಾಲ ಓಡಿದುವು. ರೆನೋ ಕಾರಿನ ಫೆರೆಂಕ್ ಸಿಸ್ ಗೆದ್ದನು. ಅಲ್ಲಿ ಮುಂದಿನ ಸ್ಥಾನಕ್ಕೆ ವಿಶೇಷ ಅರ್ಥವೇ ಇರಲಿಲ್ಲ. ತರುವಾಯ ಎಲ್ಲ ಕಾರುಗಳೂ ಒಮ್ಮೆಗೇ ಹೊರಡುವ ರೂಢಿ ಬಂದಾಗಲೂ ಸ್ಥಾನಗಳನ್ನು ಹಂಚುತ್ತಿದ್ದುದು ಬಹುಮಟ್ಟಿಗೆ ಚೀಟಿ ಎತ್ತಿ. 1933ರ ಏಪ್ರಿಲ್‌ನಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಗ್ರ್ಯಾನ್ ಪ್ರಿಯಲ್ಲಿ, ಅಭ್ಯಾಸದ ವೇಳೆಯಲ್ಲಿ ಪಡೆದ ಕಾಲಮಾನದ ಮೇರೆಗೆ ಸಾಲು ನಿಲ್ಲಿಸುವ ಕ್ರಮ ಗ್ರ್ಯಾನ್ ಪ್ರಿ ಚರಿತ್ರೆಯಲ್ಲಿ ಪ್ರಥಮವಾಗಿ ಆಚರಣೆಗೆ ಬಂದಿತು. ಆ ದಿನ ಅಗ್ರಸ್ಥಾನದಿಂದ ಹೊರಟವನು ಬುಗಾಟಿ ಕಾರಿನ ಅಕಿಲೆ ವಾರ್ಜಿ. ನೂರು ಲ್ಯಾಪ್‌ಗಳ ಆ ಪಂದ್ಯದುದ್ದಕ್ಕೂ ಟಾಜಿಯೊ ನುವೊಲಾರಿಯೊಡನೆ ಹೋರಾಡಿ, ಕಡೆಯ ಲ್ಯಾಪ್‌ನಲ್ಲಿ ನುವೊಲಾರಿಯ ಕಾರು ಕೆಟ್ಟು ನಿಂತುದರಿಂದ, ಗೆದ್ದವನೂ ಅವನೇ. ಸಾಲಿನ ಮೊದಲಿಗನೇ ಗೆಲ್ಲುವನೆಂದು ಯಾರಾದರೂ ಅಂದು ಹೇಳಿದ್ದರೆ ಅವರ ಮಾತು ನಿಜವಾಗುತ್ತಿತ್ತು; ಆದರೆ ಅದು ನಿಜವಾದದ್ದು ನೂರನೆಯ ಲ್ಯಾಪ್‌ನಲ್ಲಿ, ಅದೂ ಎದುರಾಳಿಯ ಯಂತ್ರದ ದೆಸೆಯಿಂದ. 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯ ನಡೆದಾಗಲೂ ಆಲ್ಫಾ ರೋಮಿಯೊದ ಜೂಸೆಪ್ಪೆ ಫರೀನಾ ಅಗ್ರಸ್ಥಾನದಿಂದ ಹೊರಟು ಗೆದ್ದನು. ಈ ಅಗ್ರಸ್ಥಾನಕ್ಕೆ ಕುದುರೆ ಪಂದ್ಯದ ಪರಿಭಾಷೆಯಿಂದ ಬಂದಿರುವ ‘ಪೋಲ್ ಪೊಸಿಷನ್’ ಎಂಬ ಹೆಸರು ಇಂದು ಕನ್ನಡ ಪತ್ರಿಕೆಗಳಲ್ಲಿಯೂ ನೆಲೆಸಿಬಿಟ್ಟಿದೆ.

ಅರ್ಹತಾ ಸುತ್ತಿನ ನಿಯಮಗಳು ಕಾಲದಿಂದ ಕಾಲಕ್ಕೆ ಬದಲಾಗಿರುವುದರಿಂದ, ಅದು ನುಡಿಯುವ ಸಾಕ್ಷ್ಯದ ಬೆಲೆಯೂ ಬದಲಾಗುತ್ತ ಬಂದಿದೆ. ಹಳೆಯ ಅಂಕಿಗಳನ್ನು ಹೊಸವುಗಳೊಡನೆ ಬೆರಸಿ ಸರಾಸರಿ ತೆಗೆಯುವವರು ಇದನ್ನು ಮರೆಯಲಾಗದು. 1996ರಿಂದ 2002ರವರೆಗೆ ಪ್ರತಿಯೊಬ್ಬ ಚಾಲಕನಿಗೂ ಶನಿವಾರದ ಒಂದು ಗಂಟೆಯಲ್ಲಿ ಗರಿಷ್ಠ 12 ಲ್ಯಾಪ್‌ಗಳ ಅವಕಾಶವಿತ್ತು. 2003ರಿಂದ ಮೂರು ವರ್ಷ ಒಬ್ಬೊಬ್ಬನೇ ಹೊರಟು ಒಂದೊಂದೇ ಲ್ಯಾಪ್‌ನಲ್ಲಿ ತನ್ನ ವೇಗವನ್ನು ತೋರಬೇಕಾಯಿತು. 2006ರಲ್ಲಿ ಬಂದ ಮೂರು ಹಂತಗಳ ಸೋಸಾಟವೇ ಸಣ್ಣಪುಟ್ಟ ಮಾರ್ಪಾಟುಗಳೊಡನೆ ಈಗಲೂ ನಡೆಯುತ್ತಿದೆ. 2016ರಲ್ಲಿ ಅದಕ್ಕೆ ಪ್ರತಿಯಾಗಿ ತಂದ ಇನ್ನೊಂದು ವಿಧಾನ ಎರಡೇ ಪಂದ್ಯಗಳ ಅನಂತರ ಕೈಬಿಟ್ಟುಹೋಯಿತು. ಇವೆಲ್ಲಕ್ಕಿಂತಲೂ ಫಲಾನುಮಾನಕಾರನನ್ನು ಹೆಚ್ಚು ಕಾಡಿದುದು ಇಂಧನದ ಪ್ರಶ್ನೆ. 2003ರಿಂದ 2009ರವರೆಗೆ, ಪಂದ್ಯದ ನಡುವೆ ಪೆಟ್ರೋಲು ತುಂಬಿಸಿಕೊಳ್ಳಲು ಅನುಮತಿಯಿದ್ದ ಆ ಕಾಲದಲ್ಲಿ, ಮುಂದಿನ ಸ್ಥಾನಗಳಿಗಾಗಿ ಸೆಣಸುವವರು ಮರುದಿನ ಪಂದ್ಯ ಆರಂಭಿಸುವಷ್ಟೇ ಇಂಧನವನ್ನು ಹೊತ್ತು ಅರ್ಹತಾ ಸುತ್ತಿನಲ್ಲಿ ಓಡಬೇಕಾಗಿತ್ತು. ಹತ್ತು ಕಿಲೋಗ್ರಾಂ ತೂಕ ಒಂದು ಲ್ಯಾಪ್‌ಗೆ ಸುಮಾರು ಮೂರು ದಶಾಂಶ ಸೆಕೆಂಡಿನ ನಷ್ಟವನ್ನು ತರುವುದೆಂಬುದು, ತಂಡಗಳು ಕಾರುಗಳನ್ನು ಸಜ್ಜುಗೊಳಿಸುವ ಪಿಟ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಆದುದರಿಂದ ಅಗ್ರಸ್ಥಾನ ಪಡೆದವನು ನಿಜವಾಗಿಯೂ ವೇಗಿಯೋ, ಅಥವಾ ಹಗುರವಾಗಿ ಹೊರಟು ಮರುದಿನ ಎಲ್ಲರಿಗಿಂತ ಮುಂಚೆ ಪಿಟ್ಟಿಗೆ ಬರಲಿರುವವನೋ ಎಂಬುದು ಶನಿವಾರ ಸಂಜೆ ಹೊರಗಿನವರಾರಿಗೂ ತಿಳಿಯುತ್ತಿರಲಿಲ್ಲ. 2009ರಲ್ಲಿ ಅರ್ಹತಾ ಸುತ್ತು ಮುಗಿದೊಡನೆ ಪ್ರತಿಯೊಂದು ಕಾರಿನ ತೂಕವನ್ನೂ ಅಧಿಕೃತವಾಗಿ ಪ್ರಕಟಿಸತೊಡಗಿದರು. ಆ ಒಂದು ವರ್ಷ ಕಾಗದ ಪೆನ್ಸಿಲು ಹಿಡಿದ ಸಾಮಾನ್ಯ ಪ್ರೇಕ್ಷಕನೂ ಯಾರು ಯಾವ ಲ್ಯಾಪ್‌ನಲ್ಲಿ ನಿಲ್ಲುವರೆಂಬುದನ್ನು ಗುಣಿಸಿ ನೋಡಬಹುದಾಗಿತ್ತು. 2010ರಲ್ಲಿ ನಡುವೆ ಇಂಧನ ತುಂಬಿಸುವುದು ನಿಷಿದ್ಧವಾಗಿ, ಅರ್ಹತಾ ಸುತ್ತು ಮತ್ತೆ ಹಗುರವಾದ ಕಾರಿನ ನಿವ್ವಳ ವೇಗದ ಪರೀಕ್ಷೆಯಾಯಿತು.

ಈ ಪರೀಕ್ಷೆ ಎಷ್ಟು ಸೂಕ್ಷ್ಮವೆಂಬುದಕ್ಕೆ 1997ರ ಅಕ್ಟೋಬರ್‌ನಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ನಡೆದ ಯುರೋಪಿಯನ್ ಗ್ರ್ಯಾನ್ ಪ್ರಿಯನ್ನು ಮೀರಿದ ಉದಾಹರಣೆಯಿಲ್ಲ. ಋತುವಿನ ಕಡೆಯ ಪಂದ್ಯವದು. ಪ್ರಶಸ್ತಿಗಾಗಿ ಜಾಕ್ ವಿಲ್‌ನವ್ ಮತ್ತು ಮೈಕೆಲ್ ಶುಮಾಕರ್ ಸೆಣಸುತ್ತಿದ್ದರು. ವಿಲ್‌ನವ್ ಪಡೆದ ಕಾಲ 1 ನಿಮಿಷ 21.072 ಸೆಕೆಂಡು. ಶುಮಾಕರ್ ಪಡೆದ ಕಾಲವೂ 1 ನಿಮಿಷ 21.072 ಸೆಕೆಂಡು. ಅನಂತರ ಬಂದ ಹೈಂಜ್-ಹೆರಾಲ್ಡ್ ಫ್ರೆಂಟ್ಸೆನ್ ಪಡೆದ ಕಾಲವೂ ಅಷ್ಟೇ. ಸಾವಿರದಲ್ಲೊಂದು ಸೆಕೆಂಡಿನವರೆಗೆ ಸಮನಾದ ಈ ಮೂವರನ್ನು, ಆ ಕಾಲವನ್ನು ಮೊದಲು ಸಾಧಿಸಿದವನು ಮುಂದೆ ಎಂಬ ನಿಯಮದ ಮೇಲೆ ನಿಲ್ಲಿಸಬೇಕಾಯಿತು. ಮರುದಿನ ಗೆದ್ದವನು ಈ ಮೂವರಲ್ಲಿ ಒಬ್ಬನೂ ಅಲ್ಲ; ಐದನೆಯ ಸ್ಥಾನದಿಂದ ಹೊರಟ ಮಿಕಾ ಹಾಕಿನೆನ್. ಅದು ಅವನ ಜೀವನದ ಪ್ರಥಮ ಜಯ. ಶುಮಾಕರ್ ವಿಲ್‌ನವ್‌ನ ಕಾರಿಗೆ ತನ್ನ ಕಾರನ್ನು ತಾಗಿಸಿ ಪಥದಿಂದಾಚೆ ನಿಂತನು; ಪ್ರಶಸ್ತಿಗೆ ಸಾಕಾಗುವಷ್ಟು ಅಂಕಗಳನ್ನು ಲೆಕ್ಕ ಹಾಕಿಕೊಂಡ ವಿಲ್‌ನವ್ ಮೂರನೆಯವನಾಗಿ ಮುಗಿಸಿದನು; ಫ್ರೆಂಟ್ಸೆನ್ ಆರನೆಯವನಾದನು. ಗಡಿಯಾರ ಮೂವರನ್ನೂ ಸಮಾನರೆಂದು ಸಾರಿತ್ತು. ಆದರೆ ಅಂದು ಅವರವರಿಗೆ ಬೇಕಾಗಿದ್ದುದು ಒಂದೇ ಆಗಿರಲಿಲ್ಲ. ಚಾಂಪಿಯನ್‌ಷಿಪ್ಪಿನ ಅಂಕಗಳ ಸ್ಥಿತಿಯನ್ನು ಬದಿಗಿಟ್ಟು ಒಂದು ಪಂದ್ಯವನ್ನು ಮಾತ್ರ ನೋಡುವ ಅನುಮಾನಕ್ಕೆ ಈ ಅಂಶ ಎಂದೂ ಎಟುಕದು.

ಒಟ್ಟು ಲೆಕ್ಕದಲ್ಲಿ, ವಿಶ್ವ ಚಾಂಪಿಯನ್‌ಷಿಪ್ಪಿನ ಹತ್ತು ಪಂದ್ಯಗಳಲ್ಲಿ ಸುಮಾರು ನಾಲ್ಕನ್ನು ಪೋಲ್‌ನಿಂದ ಹೊರಟವನು ಗೆದ್ದಿದ್ದಾನೆ. ಈ ಅನುಪಾತವನ್ನು ಎರಡು ಬಗೆಯಾಗಿ ಓದಬಹುದು. ಇಪ್ಪತ್ತು ಮಂದಿಯಲ್ಲಿ ಒಬ್ಬನಿಗೆ ಹತ್ತರಲ್ಲಿ ನಾಲ್ಕು ಪಾಲು ದೊರೆಯುವುದು ಅಸಾಮಾನ್ಯವೇ ಸರಿ. ಆದರೆ ಪೋಲ್‌ನವನು ಗೆಲ್ಲದಿರುವ ಸಂಭವವೇ ಗೆಲ್ಲುವ ಸಂಭವಕ್ಕಿಂತ ಹೆಚ್ಚೆಂಬುದೂ ಅಷ್ಟೇ ನಿಜ. ಈ ಸರಾಸರಿಯೊಳಗೆ ಪಥದಿಂದ ಪಥಕ್ಕೆ ಅಜಗಜಾಂತರವುಂಟು; ನಮ್ಮ ಅಭಿಪ್ರಾಯದಲ್ಲಿ ಫಲಾನುಮಾನಕ್ಕೆ ಕುಳಿತವನು ಚಾಲಕರ ಹೆಸರುಗಳನ್ನು ನೋಡುವುದಕ್ಕೆ ಮೊದಲು ನೋಡಬೇಕಾದುದು ಪಥದ ನಕ್ಷೆಯನ್ನು. ಬಾರ್ಸಿಲೋನ ಬಳಿಯ ಕತಲೂನ್ಯ ಪಥದಲ್ಲಿ 2001ರಿಂದ 2010ರವರೆಗೆ ಹತ್ತು ವರ್ಷ ಎಡೆಬಿಡದೆ ಪೋಲ್‌ನಿಂದ ಹೊರಟವನೇ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯನ್ನು ಗೆದ್ದನು. ಇದಕ್ಕೆ ವಿರುದ್ಧವಾಗಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ಶಾರ್ಲ್ ಲೆಕ್ಲೇರ್ 2021ರಿಂದ 2024ರವರೆಗೆ ಸತತವಾಗಿ ನಾಲ್ಕು ವರ್ಷ ಪೋಲ್ ಪಡೆದು ನಾಲ್ಕು ಸಲವೂ ಸೋತನು. ಎರಡು ಕಿಲೋಮೀಟರಿಗೂ ಮಿಕ್ಕ ಅಲ್ಲಿಯ ನೇರ ಹಾದಿಯಲ್ಲಿ ಹಿಂದಿನವನು ಮುಂದಿನವನ ಗಾಳಿಮರೆಯನ್ನು ಹಿಡಿದು ದಾಟಿ ಹೋಗುವುದು ಸುಲಭ. ಬುಡಾಪೆಸ್ಟಿನ ಹಂಗೆರೊರಿಂಗ್ ಇಕ್ಕಟ್ಟಾದ, ತಿರುವುಗಳು ತುಂಬಿದ ಪಥ. 1990ರಲ್ಲಿ ಅಲ್ಲಿ ಪೋಲ್‌ನಿಂದ ಹೊರಟ ತಿಯರಿ ಬೂಟ್ಸೆನ್, ತನಗಿಂತ ವೇಗಿಗಳೆನಿಸಿದ್ದವರನ್ನು ಪಂದ್ಯದುದ್ದಕ್ಕೂ ಹಿಂದೆ ತಡೆದಿರಿಸಿ, ಅಯರ್ಟನ್ ಸೆನ್ನಾನಿಗಿಂತ ಮೂರು ದಶಾಂಶ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದನು.

ಮೊನಾಕೊ ಮತ್ತು ಮೊಂಜಾ ಈ ವಿಷಯದಲ್ಲಿ ಎರಡು ಧ್ರುವಗಳಂತಿವೆ. ಮೊನಾಕೊದ 3.337 ಕಿಲೋಮೀಟರು ಸುತ್ತಳತೆಯ ಬೀದಿಗಳಲ್ಲಿ ಎರಡು ಕಾರುಗಳು ಪಕ್ಕಪಕ್ಕದಲ್ಲಿ ಸಾಗುವುದೇ ಪ್ರಯಾಸ. 2024ರಲ್ಲಿ ಅಲ್ಲಿ ಮೊದಲ ಲ್ಯಾಪ್‌ನಲ್ಲೇ ಅಪಘಾತವಾಗಿ ಕೆಂಪು ಬಾವುಟ ಬಿದ್ದು, ಆ ವಿರಾಮದಲ್ಲಿ ಎಲ್ಲರಿಗೂ ಟೈರು ಬದಲಾಯಿಸುವ ಅವಕಾಶ ದೊರೆತುದರಿಂದ, ಪಿಟ್ಟಿಗೆ ಬರುವ ಅಗತ್ಯವೇ ಅಳಿಯಿತು. ಫಲವಾಗಿ ಸಾಲಿನಲ್ಲಿ ಮೊದಲ ಹತ್ತು ಸ್ಥಾನಗಳಲ್ಲಿ ನಿಂತವರು ಅದೇ ಕ್ರಮದಲ್ಲಿ ಮೊದಲ ಹತ್ತು ಸ್ಥಾನಗಳಲ್ಲಿ ಮುಗಿಸಿದರು. ಚಾಂಪಿಯನ್‌ಷಿಪ್ಪಿನ ಚರಿತ್ರೆಯಲ್ಲಿ ಅದಕ್ಕೆ ಮುನ್ನ ಹಾಗೆಂದೂ ಆಗಿರಲಿಲ್ಲ. ಆದರೂ ಇದೇ ಬೀದಿಗಳಲ್ಲಿ 1996ರಲ್ಲಿ ಮಳೆಯಿಂದ ತೊಯ್ದ ಪಥದ ಮೇಲೆ ಪೋಲ್‌ನವನಾದ ಶುಮಾಕರ್ ಮೊದಲ ಲ್ಯಾಪ್‌ನಲ್ಲೇ ಗೋಡೆಗೆ ಬಡಿದು, ಮುಂದೆ ಓಡುತ್ತಿದ್ದ ಡೇಮನ್ ಹಿಲ್‌ನ ಎಂಜಿನ್ನು ಒಡೆದು, ಕಡೆಗೆ ಮೂರೇ ಕಾರುಗಳು ಓಡುತ್ತ ಅಂತಿಮ ಗೆರೆಯನ್ನು ದಾಟಿದುವು. ಅವುಗಳಲ್ಲಿ ಮೊದಲನೆಯದು ಹದಿನಾಲ್ಕನೆಯ ಸ್ಥಾನದಿಂದ ಹೊರಟಿದ್ದ ಒಲಿವಿಯೆ ಪಾನಿಸ್‌ನ ಲಿಜಿಯೇ. ಇನ್ನು ಇಟಲಿಯ ಮೊಂಜಾ: 1971ರಲ್ಲಿ, ವೇಗ ತಗ್ಗಿಸುವ ಅಡ್ಡತಿರುವುಗಳನ್ನು ಅಲ್ಲಿ ನಿರ್ಮಿಸುವುದಕ್ಕೆ ಹಿಂದಿನ ವರ್ಷ, ಹನ್ನೊಂದನೆಯ ಸ್ಥಾನದಿಂದ ಹೊರಟ ಪೀಟರ್ ಗೆಥಿನ್ ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಗೆದ್ದನು; ಮೊದಲ ಐವರೂ 0.61 ಸೆಕೆಂಡಿನೊಳಗೆ ಬಂದರು. ಪೋಲ್‌ನಿಂದ ಹೊರಟಿದ್ದ ಕ್ರಿಸ್ ಏಮನ್ ತನ್ನ ಮುಖಗವಚ ಕಿತ್ತುಹೋಗಿ ಆರನೆಯವನಾದನು. ಐದು ಸಲ ಪೋಲ್ ಪಡೆದ ಆ ಮಹಾಚಾಲಕನಿಗೆ ಚಾಂಪಿಯನ್‌ಷಿಪ್ಪಿನ ಒಂದು ಪಂದ್ಯವನ್ನಾದರೂ ಗೆಲ್ಲುವ ಭಾಗ್ಯ ಜೀವಮಾನದಲ್ಲಿ ಒದಗದೆ ಹೋದುದು ಈ ಕ್ರೀಡೆಯ ದಾಖಲೆಗಳಲ್ಲಿ ಅತ್ಯಂತ ನೋವಿನ ಸಾಲು.

ಪಥದ ಈ ಪ್ರಭಾವಕ್ಕೆ ಭೌತಿಕ ಕಾರಣಗಳುಂಟು. ಆಧುನಿಕ ಪಂದ್ಯದ ಕಾರು ತಿರುವಿನಲ್ಲಿ ನೆಲಕ್ಕೆ ಒತ್ತಿಕೊಂಡಿರುವುದು ತನ್ನ ರೆಕ್ಕೆಗಳ ಮತ್ತು ಅಡಿಭಾಗದ ಮೇಲೆ ಹಾಯುವ ಗಾಳಿಯ ಬಲದಿಂದ. ಮುಂದಿನ ಕಾರು ಕಲಕಿ ಬಿಟ್ಟ ಗಾಳಿಯಲ್ಲಿ ಆ ಬಲ ಕುಂದುವುದರಿಂದ ಹಿಂದಿನವನು ತಿರುವಿನಲ್ಲಿ ಜಾರುತ್ತಾನೆ, ಅವನ ಟೈರುಗಳು ಕಾದು ಬೇಗನೆ ಸವೆಯುತ್ತವೆ. ಒಂಟಿಯಾಗಿ ಓಡಿದರೆ ಲ್ಯಾಪ್‌ಗೆ ಅರ್ಧ ಸೆಕೆಂಡು ಮೇಲಾದ ಕಾರೂ ಇದರಿಂದ ಮುಂದಿನವನ ಬೆನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಆದುದರಿಂದ ಒಂದು ಸ್ಥಾನ ಮುಂದೆ ನಿಲ್ಲುವುದರ ಬೆಲೆ, ಸಾಲಿನಲ್ಲಿ ಎರಡು ಕಾರುಗಳ ನಡುವಿರುವ ಎಂಟು ಮೀಟರು ನೆಲಕ್ಕಿಂತ ಬಹಳ ಹೆಚ್ಚು. ಆ ಬೆಲೆಯನ್ನು ಕಳೆದುಕೊಳ್ಳುವ ದೊಡ್ಡ ಗಂಡಾಂತರವಿರುವುದು ಮೊದಲ ತಿರುವಿನವರೆಗಿನ ಓಟದಲ್ಲಿ. ಮೆಕ್ಸಿಕೊ ನಗರದ ಪಥದಲ್ಲಿ ಈ ದೂರ ಸುಮಾರು 800 ಮೀಟರು. 2021ರಲ್ಲಿ ಮೂರನೆಯ ಸ್ಥಾನದಿಂದ ಹೊರಟ ಮ್ಯಾಕ್ಸ್ ವರ್ಸ್ಟಾಪೆನ್, ಪೋಲ್‌ನಲ್ಲಿದ್ದ ವಾಲ್ಟೆರಿ ಬೊಟ್ಟಾಸ್‌ನನ್ನೂ ಅವನ ಪಕ್ಕದಲ್ಲಿದ್ದ ಲೂಯಿ ಹ್ಯಾಮಿಲ್ಟನ್‌ನನ್ನೂ ಆ ದೂರದೊಳಗೇ ಹಿಂದಿಕ್ಕಿ ಪಂದ್ಯವನ್ನು ಗೆದ್ದನು. ಸಾಲಿನ ಯಾವ ಮಗ್ಗುಲಲ್ಲಿ ನಿಲ್ಲುವುದೆಂಬುದೂ ಅಲಕ್ಷಿಸುವಂಥದಲ್ಲ. ಕಾರುಗಳು ಸದಾ ಹಾಯುವ ಕಡೆ ರಬ್ಬರು ಕೂತು ಹಿಡಿತ ಹೆಚ್ಚಿರುತ್ತದೆ, ಇನ್ನೊಂದು ಕಡೆ ಧೂಳು. 1990ರಲ್ಲಿ ಜಪಾನಿನ ಸುಜುಕದಲ್ಲಿ ಪೋಲ್‌ನ ಜಾಗ ಧೂಳಿನ ಕಡೆಯಿದ್ದಿತು. ಸೆನ್ನಾ ಅದನ್ನು ಬದಲಾಯಿಸಬೇಕೆಂದು ಕೇಳಿ ನಿರಾಕೃತನಾದನು; ಮರುದಿನ ಎರಡನೆಯ ಸ್ಥಾನದ ಅಲೇನ್ ಪ್ರಾಸ್ಟ್ ಮೇಲುಗೈ ಪಡೆದು ಹೊರಟೊಡನೆ ಮೊದಲ ತಿರುವಿನಲ್ಲೇ ಇಬ್ಬರ ಕಾರುಗಳೂ ತಾಗಿ ಇಬ್ಬರ ಪಂದ್ಯವೂ ಅಲ್ಲಿಗೇ ಮುಗಿಯಿತು, ಆ ವರ್ಷದ ಪ್ರಶಸ್ತಿ ಸೆನ್ನಾನ ಪಾಲಾಯಿತು.

ಒಂದು ಲ್ಯಾಪ್‌ನ ವೇಗಕ್ಕೂ ಅರವತ್ತು ಲ್ಯಾಪ್‌ಗಳ ವೇಗಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಕೊಂಚ ವಿಸ್ತರಿಸಬೇಕು, ಏಕೆಂದರೆ ಹೆಚ್ಚಿನ ತಪ್ಪುಗಳು ನುಸುಳುವುದು ಈ ಎಡೆಯಲ್ಲಿ. ಲ್ಯಾಪ್‌ಗೆ ಒಂದು ದಶಾಂಶ ಸೆಕೆಂಡಿನ ಮೇಲ್ಮೆ ಅರವತ್ತು ಲ್ಯಾಪ್‌ಗಳಲ್ಲಿ ಆರು ಸೆಕೆಂಡಾಗುತ್ತದೆ. ಪಿಟ್ಟಿಗೆ ಒಮ್ಮೆ ಬಂದು ಹೋಗುವುದಕ್ಕೆ ಬಹುತೇಕ ಪಥಗಳಲ್ಲಿ ಇಪ್ಪತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಬೇಕು. ಆದುದರಿಂದ ಟೈರನ್ನು ಕಾಪಾಡಿಕೊಂಡು ಒಂದು ನಿಲುಗಡೆಯನ್ನು ಉಳಿಸಬಲ್ಲ ಕಾರು, ಅರ್ಹತಾ ಸುತ್ತಿನಲ್ಲಿ ಮೂರು ದಶಾಂಶ ಸೆಕೆಂಡು ಹಿಂದುಳಿದಿದ್ದರೂ ಪಂದ್ಯದಲ್ಲಿ ಮುಂದೆ ಬರಬಲ್ಲುದು. 2013ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಲ್ಲಿ ಮರ್ಸಿಡಿಸ್ ತಂಡದ ನಿಕೊ ರೋಸ್‌ಬರ್ಗ್ ಮತ್ತು ಹ್ಯಾಮಿಲ್ಟನ್ ಮುಂದಿನ ಎರಡೂ ಸ್ಥಾನಗಳನ್ನು ಹಿಡಿದಿದ್ದರು. ಟೈರುಗಳು ತಾಳದೆ ಅವರು ಮುಗಿಸಿದುದು ಆರನೆಯ ಮತ್ತು ಹನ್ನೆರಡನೆಯ ಸ್ಥಾನಗಳಲ್ಲಿ. ಗೆದ್ದವನು ಐದನೆಯ ಸ್ಥಾನದಿಂದ ಹೊರಟ ಫರ್ನಾಂಡೊ ಅಲೊನ್ಸೊ. ಟರ್ಬೊ ಎಂಜಿನ್ನುಗಳ ಕಾಲದಲ್ಲಿ ಈ ಬಿರುಕು ಇನ್ನೂ ಅಗಲವಾಗಿತ್ತು. ಅರ್ಹತಾ ಸುತ್ತಿಗೆಂದೇ ಹೆಚ್ಚು ಒತ್ತಡಕ್ಕೆ ಹೊಂದಿಸಿದ ಎಂಜಿನ್ನುಗಳೂ, ಒಂದೆರಡು ಲ್ಯಾಪ್‌ಗಳಲ್ಲಿ ಸವೆದುಹೋಗುವ ಮೆತ್ತನೆಯ ಟೈರುಗಳೂ ಆಗ ಬಳಕೆಯಲ್ಲಿದ್ದುದರಿಂದ, ಶನಿವಾರದ ಕಾರೂ ಭಾನುವಾರದ ಕಾರೂ ಹೆಸರಿಗೆ ಮಾತ್ರ ಒಂದೇ. 1984ರಲ್ಲಿ ನೆಲ್ಸನ್ ಪಿಕೆ ಒಂಬತ್ತು ಸಲ ಪೋಲ್ ಪಡೆದು ಎರಡು ಪಂದ್ಯಗಳನ್ನಷ್ಟೇ ಗೆದ್ದನು. ನಿಕಿ ಲೌಡಾ ಒಂದು ಸಲವೂ ಪೋಲ್ ಪಡೆಯದೆ ಐದು ಪಂದ್ಯಗಳನ್ನು ಗೆದ್ದು, ಅರ್ಧ ಅಂಕದ ಅಂತರದಿಂದ ವಿಶ್ವ ಚಾಂಪಿಯನ್ನನಾದನು. ಆ ವರ್ಷ ಸಾಲಿನ ಕ್ರಮವನ್ನೇ ನಂಬಿದವರು ಚಾಂಪಿಯನ್ನನನ್ನೇ ಕಾಣದೆ ಹೋದರು. ಇದಕ್ಕೆ ಪರಿಹಾರ ಶುಕ್ರವಾರದ ಅಭ್ಯಾಸದಲ್ಲಿ ಸಿಕ್ಕುತ್ತದೆ: ತುಂಬಿದ ಟ್ಯಾಂಕಿನೊಡನೆ ಹತ್ತು ಹದಿನೈದು ಲ್ಯಾಪ್ ಬಿಡದೆ ಓಡಿಸಿದಾಗ ಒಂದೊಂದು ಕಾರಿನ ಕಾಲ ಎಷ್ಟೆಷ್ಟು ಕುಸಿಯುವುದೆಂಬುದನ್ನು ಬರೆದಿಟ್ಟುಕೊಂಡು, ಅದನ್ನು ಶನಿವಾರದ ಅಂಕಿಯ ಪಕ್ಕದಲ್ಲಿಟ್ಟು ತೂಗಬೇಕು. ನಮ್ಮ ತೀರ್ಮಾನದಲ್ಲಿ, ಒಣ ಪಥದ ಮಟ್ಟಿಗೆ, ಈ ಕೆಲಸವನ್ನು ಮಾಡದ ಫಲಾನುಮಾನ ಅರ್ಧ ಕೆಲಸವೇ ಸರಿ.

ಸಾಲಿನ ಸ್ಥಾನವೇ ವೇಗದ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳುವ ಸಂದರ್ಭಗಳೂ ಉಂಟು. 1983ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಮಕ್‌ಲಾರೆನ್ ತಂಡದ ಟೈರುಗಳು ಅರ್ಹತಾ ಸುತ್ತಿನಲ್ಲಿ ಕಾವೇರದೆ ಹಿಡಿತ ಕೊಡಲಿಲ್ಲ. ಜಾನ್ ವಾಟ್ಸನ್ 22ನೆಯ, ಲೌಡಾ 23ನೆಯ ಸ್ಥಾನದಲ್ಲಿ ನಿಂತರು. ಪಂದ್ಯದಲ್ಲಿ ಅದೇ ಟೈರುಗಳು ಹದಕ್ಕೆ ಬಂದು ವಾಟ್ಸನ್ ಮೊದಲನೆಯವನೂ ಲೌಡಾ ಎರಡನೆಯವನೂ ಆದರು. ಅಷ್ಟು ಹಿಂದಿನಿಂದ ಬಂದು ಚಾಂಪಿಯನ್‌ಷಿಪ್ ಪಂದ್ಯ ಗೆದ್ದವರು ಬೇರೆ ಯಾರೂ ಇಲ್ಲ. 2005ರಲ್ಲಿ ಸುಜುಕದ ಅರ್ಹತಾ ಸುತ್ತಿನಲ್ಲಿ ತನ್ನ ಸರದಿ ಬರುವ ಹೊತ್ತಿಗೆ ಮಳೆ ಹಿಡಿದುದರಿಂದ 17ನೆಯವನಾಗಿ ನಿಂತ ಕಿಮಿ ರೈಕೊನೆನ್ ಕಡೆಯ ಲ್ಯಾಪ್‌ನಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲನನ್ನು ದಾಟಿ ಗೆದ್ದನು. 2022ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದ ವರ್ಸ್ಟಾಪೆನ್ ಎಂಜಿನ್ನಿನ ಭಾಗಗಳನ್ನು ಬದಲಾಯಿಸಿದ ದಂಡವಾಗಿ 14ನೆಯ ಸ್ಥಾನಕ್ಕೆ ಇಳಿಯಬೇಕಾಯಿತು; ಪಂದ್ಯದ ಅರ್ಧ ಮುಗಿಯುವುದರೊಳಗಾಗಿ ಅವನು ಎಲ್ಲರ ಮುಂದಿದ್ದನು. ಇಂಥ ಕಡೆಗಳಲ್ಲಿ ಸ್ಥಾನವನ್ನು ಬಿಟ್ಟು ಗಡಿಯಾರವನ್ನು ನಂಬಬೇಕು. ಗಡಿಯಾರವೂ ಮಳೆಯಿಂದ ಕೆಟ್ಟಿದ್ದರೆ ಹಿಂದಿನ ಪಂದ್ಯಗಳನ್ನು ನಂಬಬೇಕು.

ಇವಕ್ಕೆಲ್ಲ ಹೊರಗಾದ ಆಕಸ್ಮಿಕಗಳ ವರ್ಗವೊಂದಿದೆ. ಮಳೆ, ಯಂತ್ರದ ಕೆಡುಕು, ಅಪಘಾತ, ಅಪಘಾತದ ಬೆನ್ನಿಗೆ ಪಥಕ್ಕಿಳಿದು ಗಳಿಸಿದ ಅಂತರಗಳನ್ನೆಲ್ಲ ಅಳಿಸಿಹಾಕುವ ಸೇಫ್ಟಿ ಕಾರು ಇವು ಅದರಲ್ಲಿ ಸೇರುತ್ತವೆ. 2018ರಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ತನ್ನ ನಾಡಿನವರೆದುರು ಪೋಲ್‌ನಿಂದ ಹೊರಟು ಮುಂದೆ ಓಡುತ್ತಿದ್ದ ಸೆಬಾಸ್ಟಿಯನ್ ವೆಟೆಲ್ ತುಂತುರು ಮಳೆಯಲ್ಲಿ ಜಾರಿ ತಡೆಗೋಡೆಗೆ ಬಡಿದನು. 14ನೆಯ ಸ್ಥಾನದಿಂದ ಹೊರಟ ಹ್ಯಾಮಿಲ್ಟನ್ ಗೆದ್ದನು. ಅದೇ ಪಥದಲ್ಲಿ 2000ದಲ್ಲಿ ಒಬ್ಬ ವ್ಯಕ್ತಿ ಪಂದ್ಯದ ನಡುವೆ ಪಥದೊಳಕ್ಕೆ ನಡೆದು ಬಂದುದರಿಂದ ಸೇಫ್ಟಿ ಕಾರು ಇಳಿಯಿತು, ಅನಂತರ ಮಳೆಯೂ ಬಂದಿತು, 18ನೆಯ ಸ್ಥಾನದಿಂದ ಹೊರಟಿದ್ದ ರೂಬೆನ್ಸ್ ಬ್ಯಾರಿಕೆಲೊ ಒಣ ಟೈರುಗಳನ್ನೇ ಉಳಿಸಿಕೊಂಡು ತನ್ನ ಮೊದಲ ಜಯವನ್ನು ಪಡೆದನು. ನಿರ್ದಿಷ್ಟವಾಗಿ ಇಂಥ ಘಟನೆಯನ್ನು ಯಾರೂ ಮುಂಗಾಣಲಾರರು. ಆದರೆ ಏನಾದರೊಂದು ಘಟಿಸುವ ಸಂಭವ ಯಾವ ಪಥದಲ್ಲಿ ಎಷ್ಟೆಂಬುದನ್ನು ಎಣಿಸಬಹುದು. ಗೋಡೆಗಳು ಮಗ್ಗುಲಲ್ಲೇ ಇರುವ ಬೀದಿಪಥಗಳಲ್ಲಿ ಅದು ಹೆಚ್ಚು, ಅಂಚಿನಲ್ಲಿ ವಿಶಾಲ ಬಯಲಿರುವ ಪಥಗಳಲ್ಲಿ ಕಡಿಮೆ.

ಇಲ್ಲಿಂದ ಮುಂದಕ್ಕೆ ವಿಷಯ ಸಂಖ್ಯಾಶಾಸ್ತ್ರಕ್ಕೆ ಸೇರುತ್ತದೆ. ಇಪ್ಪತ್ತು ಕಾರುಗಳು ಮುಗಿಸಬಹುದಾದ ಕ್ರಮಗಳ ಸಂಖ್ಯೆ ಸುಮಾರು 24 ಸಾವಿರ ಕೋಟಿ ಕೋಟಿ. ಪೂರ್ಣ ಕ್ರಮವನ್ನು ಸರಿಯಾಗಿ ಹೇಳುವ ಆಸೆ ಯಾರಿಗೂ ಬೇಡ. ಸಾಲಿನ ಕ್ರಮವೂ ಫಲದ ಕ್ರಮವೂ ಎಷ್ಟು ಹೊಂದುತ್ತವೆಂಬುದನ್ನು ಅಳೆಯಲು, ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿಯೂ ಮಾರಿಸ್ ಕೆಂಡಲ್ 1938ರಲ್ಲಿಯೂ ರೂಪಿಸಿದ ಸಹಸಂಬಂಧದ ಮಾನಗಳು ಇಂದಿಗೂ ಬಳಕೆಯಲ್ಲಿವೆ. ಗೆಲ್ಲುವ ಸಂಭಾವ್ಯತೆಯನ್ನು ಹಂಚುವುದಕ್ಕೆ ಲೂಸ್ ಮತ್ತು ಪ್ಲಾಕೆಟ್ ಎಂಬಿಬ್ಬರ ಹೆಸರಿನ ಕ್ರಮವುಂಟು. ಮೂವರು ಚಾಲಕರ ಬಲವನ್ನು 5, 3, 2 ಎಂದಿಟ್ಟುಕೊಳ್ಳೋಣ. ಮೊದಲನೆಯವನು ಗೆಲ್ಲುವ ಸಂಭವ ಹತ್ತರಲ್ಲಿ ಐದು. ಅವನು ಗೆದ್ದ ಮೇಲೆ ಉಳಿದಿಬ್ಬರಲ್ಲಿ 3ರ ಬಲದವನು ಎರಡನೆಯ ಸ್ಥಾನ ಪಡೆಯುವ ಸಂಭವ ಐದರಲ್ಲಿ ಮೂರು. ಇವೆರಡನ್ನು ಗುಣಿಸಿದರೆ, ಬಲದ ಕ್ರಮದಲ್ಲೇ ಮೂವರೂ ಮುಗಿಸುವ ಸಂಭವ ನೂರರಲ್ಲಿ ಮೂವತ್ತು. ಎಲ್ಲ ಕ್ರಮಗಳಲ್ಲಿ ಅತ್ಯಂತ ಸಂಭಾವ್ಯವಾದ ಕ್ರಮ ಇದೇ. ಆದರೂ ಅದು ಹತ್ತರಲ್ಲಿ ಏಳು ಸಲ ಘಟಿಸದು. ಈ ಸಣ್ಣ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವನು ಭಾನುವಾರ ರಾತ್ರಿ ಅನುಮಾನ ಹುಸಿಯಾಯಿತೆಂದು ಅಚ್ಚರಿಪಡುವುದಿಲ್ಲ.

ಆದರೆ ಈ ಕ್ರಮ ಒಬ್ಬೊಬ್ಬನನ್ನೂ ಸ್ವತಂತ್ರವಾಗಿ ನೋಡುತ್ತದೆ, ಪಂದ್ಯದಲ್ಲಿ ಹಾಗಿಲ್ಲ: ಒಂದೇ ತಂಡದ ಎರಡು ಕಾರುಗಳ ಟೈರು ಒಂದೇ ಕಾರಣದಿಂದ ಸವೆಯುತ್ತದೆ, ಸೇಫ್ಟಿ ಕಾರು ಎಲ್ಲರಿಗೂ ಒಟ್ಟಿಗೆ ಇಳಿಯುತ್ತದೆ. ಆದುದರಿಂದ ತಂಡಗಳು ಪಂದ್ಯವನ್ನೇ ಗಣಕಯಂತ್ರದೊಳಗೆ ಲ್ಯಾಪ್ ಲ್ಯಾಪ್ ಆಗಿ ಸಾವಿರಾರು ಸಲ ಓಡಿಸಿ, ಪ್ರತಿಯೊಂದು ಸಲವೂ ಆಕಸ್ಮಿಕಗಳನ್ನು ಯಾದೃಚ್ಛಿಕವಾಗಿ ಹೊಸದಾಗಿ ಬೆರಸಿ, ಎಷ್ಟು ಓಟಗಳಲ್ಲಿ ಯಾರು ಗೆದ್ದರೆಂದು ಎಣಿಸುತ್ತವೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಸ್ಟಾನಿಸ್ಲಾ ಉಲಾಮ್, ಜಾನ್ ಫಾನ್ ನಾಯ್ಮನ್ ಮತ್ತು ನಿಕೊಲಸ್ ಮೆಟ್ರೊಪೊಲಿಸ್ ಬೆಳಸಿದ ಈ ವಿಧಾನಕ್ಕೆ ಜೂಜುಕಟ್ಟೆಗಳಿಗೆ ಹೆಸರಾದ ಮಾಂಟೆ ಕಾರ್ಲೊ ಊರಿನ ಹೆಸರಿಡಲಾಯಿತು. ವಾರ್ಜಿಯೂ ನುವೊಲಾರಿಯೂ ಸೆಣಸಿದ, ಆರಂಭದ ಸಾಲಿಗೆ ಮೊದಲು ಅರ್ಥ ಬಂದ ಬೀದಿಗಳೂ ಅದೇ ಮಾಂಟೆ ಕಾರ್ಲೊದವು. ಅನುಮಾನದ ಗುಣವನ್ನು ತೂಗುವುದಕ್ಕೆ ಹವಾಮಾನಶಾಸ್ತ್ರದಿಂದ ಬಂದ ಮಾನವೊಂದಿದೆ. ಮಳೆಯ ಮುನ್ಸೂಚನೆಗಳನ್ನು ಪರಿಶೀಲಿಸಲು ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ಕ್ರಮವದು: ಪೋಲ್‌ನವನಿಗೆ 0.6ರ ಸಂಭವವಿತ್ತವನು, ಅವನು ಗೆದ್ದರೆ 0.4ರ ವರ್ಗವಾದ 0.16ನ್ನೂ, ಸೋತರೆ 0.6ರ ವರ್ಗವಾದ 0.36ನ್ನೂ ದೋಷವಾಗಿ ಹೊರಬೇಕು. ಋತುವಿನ ಕೊನೆಯಲ್ಲಿ ಒಟ್ಟು ದೋಷ ಕಡಿಮೆಯಾದವನು ಮೇಲು. ಯಾವ ವಿಧಾನವೇ ಆಗಲಿ, ನಿಂತ ಸಾಲೇ ಮುಗಿಯುವ ಸಾಲೆಂಬ ಸರಳ ಅನುಮಾನವನ್ನು ಇಡೀ ಋತುವಿನ ಮೇಲೆ ಸೋಲಿಸದಿದ್ದರೆ ಅದಕ್ಕೆ ಮನ್ನಣೆಯಿಲ್ಲ. ಈ ಸರಳ ಅನುಮಾನವನ್ನು ಸೋಲಿಸುವುದು, ಮಾಡಿ ನೋಡಿದವರಿಗೆ ಗೊತ್ತು, ಬಹಳ ಕಷ್ಟ. ಅನುಮಾನವನ್ನು ಶನಿವಾರವೇ, ಅಂಕಿಯ ರೂಪದಲ್ಲಿ, ಬರೆದಿಡಬೇಕು. ಪಂದ್ಯ ಮುಗಿದ ಮೇಲೆ ತಾನು ಇದನ್ನೇ ನೆನೆದಿದ್ದೆನೆನ್ನುವವನ ಮಾತು ಈ ಶಾಸ್ತ್ರದಲ್ಲಿ ಲೆಕ್ಕಕ್ಕಿಲ್ಲ.

ಭಾರತದ ಸಂಬಂಧದಲ್ಲಿ ಮೂರು ಪ್ರಸಂಗಗಳನ್ನು ಹೇಳಬೇಕು. 2005ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪೋಲ್ ಪಡೆದವನು ಟೊಯೊಟಾ ಕಾರಿನ ಯಾರ್ನೊ ಟ್ರುಲ್ಲಿ. ಮಿಷೆಲಿನ್ ಟೈರುಗಳು ಅಲ್ಲಿಯ ಓರೆಯಾದ ತಿರುವಿನಲ್ಲಿ ಸುರಕ್ಷಿತವಲ್ಲವೆಂದು ತಿಳಿದುಬಂದು, ಅವನೂ ಸೇರಿ ಹದಿನಾಲ್ಕು ಕಾರುಗಳು ಪಂದ್ಯ ಆರಂಭವಾಗುವ ಮುನ್ನವೇ ಪಿಟ್ಟಿಗೆ ಹಿಂದಿರುಗಿದುವು. ಉಳಿದ ಆರರಲ್ಲಿ ನಾಲ್ಕನೆಯವನಾಗಿ ಮುಗಿಸಿ, ಫಾರ್ಮುಲಾ ಒನ್ ಪಂದ್ಯದಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದರು ನಾರಾಯಣ್ ಕಾರ್ತಿಕೇಯನ್. 2009ರ ಸ್ಪಾದಲ್ಲಿ, ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರು ಒಡೆತನದಲ್ಲಿ ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ತಂಡ, ಆವರೆಗೆ ಒಂದು ಅಂಕವನ್ನೂ ಕಾಣದಿದ್ದುದು, ಫಿಸಿಕೆಲ್ಲನಿಂದ ಪೋಲ್ ಪಡೆಯಿತು. ಹಗುರವಾಗಿ ಓಡಿದ್ದರಿಂದ ಬಂದ ಪೋಲ್ ಇದೆಂದು ಹಲವರು ಶಂಕಿಸಿದರು; ಆದರೆ ಸೇಫ್ಟಿ ಕಾರು ಹಿಂದಿರುಗಿದೊಡನೆ ಫೆರಾರಿಯ ರೈಕೊನೆನ್ ತನ್ನ ಕಾರಿನ ಹೆಚ್ಚುವರಿ ವಿದ್ಯುದ್ಬಲವನ್ನು ಬಳಸಿ ದಾಟಿಹೋದ ಮೇಲೂ, ಫಿಸಿಕೆಲ್ಲ ಪಂದ್ಯದ ಕಡೆಯವರೆಗೆ ಅವನ ಬೆನ್ನು ಬಿಡದೆ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಮುಗಿಸಿ ಆ ಶಂಕೆಯನ್ನು ಸುಳ್ಳು ಮಾಡಿದನು. ಇನ್ನು ದೆಹಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿರುವ, 5.125 ಕಿಲೋಮೀಟರು ಉದ್ದದ ಬುದ್ಧ ಅಂತರರಾಷ್ಟ್ರೀಯ ಪಥ: 2011, 2012 ಮತ್ತು 2013ರಲ್ಲಿ ಅಲ್ಲಿ ನಡೆದ ಮೂರು ಇಂಡಿಯನ್ ಗ್ರ್ಯಾನ್ ಪ್ರಿಗಳಲ್ಲಿಯೂ ವೆಟೆಲ್ ಪೋಲ್‌ನಿಂದ ಹೊರಟನು, ಮೂರನ್ನೂ ಗೆದ್ದನು. ಸಾಲಿನ ಮೊದಲಿಗನೇ ಗೆಲ್ಲುವನೆಂಬ ಅನುಮಾನ ಈ ಒಂದು ಪಥದಲ್ಲಿ ಇದುವರೆಗೆ ಒಮ್ಮೆಯೂ ಹುಸಿಯಾಗಿಲ್ಲ. 2013ರ ಅಕ್ಟೋಬರ್ 27ರ ತರುವಾಯ ಅಲ್ಲಿ ಫಾರ್ಮುಲಾ ಒನ್ ಪಂದ್ಯ ನಡೆದಿಲ್ಲ.